ಹರಿಹರದ ಶಾಸನವೂ ವಾಗ್ಮಿತೆಯ ವಿಮರ್ಶೆಯೂ



‘ಅದೆಲ್ಲ ಬರಿಯ ವಾಗಾಡಂಬರ’ ಎಂದು ನಾವು ಎಷ್ಟೋ ಭಾಷಣಗಳನ್ನು ತಳ್ಳಿಬಿಡುವುದುಂಟು. ಇಂಗ್ಲಿಷಿನವರು ರೆಟರಿಕ್ ಎಂದು ಕರೆಯುವ ವಾಗ್ಮಿತೆಯ ಅರ್ಥವು ಅಷ್ಟಕ್ಕೇ ಮುಗಿಯತಕ್ಕದ್ದಲ್ಲ. ಆಯಾ ಸಂದರ್ಭದಲ್ಲಿ ಮನವೊಲಿಸುವುದಕ್ಕೆ ಒದಗುವ ಸಾಧನಗಳನ್ನು ಕಂಡುಕೊಳ್ಳುವ ಶಕ್ತಿಯೇ ವಾಗ್ಮಿತೆಯೆಂದು ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞ ಅರಿಸ್ಟಾಟಲನು ನಿರೂಪಿಸಿದನು. ನುಡಿಯುವವನ ಶೀಲ, ಕೇಳುವವರ ಭಾವ, ಮಾತಿನೊಳಗಿನ ಯುಕ್ತಿ, ಈ ಮೂರೂ ಆ ಸಾಧನಗಳು. ನಮ್ಮ ಕವಿರಾಜಮಾರ್ಗವೂ 9ನೆಯ ಶತಮಾನದಲ್ಲಿಯೇ ಮಾತಿನ ದೋಷಗಳನ್ನೂ ಅಲಂಕಾರಗಳನ್ನೂ ವಿವೇಚಿಸಿತು. ಆದರೆ ಅದರ ಲಕ್ಷ್ಯ ಕಾವ್ಯ. ವಾಗ್ಮಿತೆಯ ವಿಮರ್ಶಕನಾದರೋ, ಮಾತು ಸೊಗಸಾಗಿದೆಯೇ ಎಂಬುದಕ್ಕಿಂತ ಮೊದಲು, ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ, ಯಾವ ಫಲವನ್ನು ಬಯಸಿ ನುಡಿದರೆಂದು ಕೇಳುತ್ತಾನೆ.

ಇದಕ್ಕೆ ಹತ್ತಿರದಲ್ಲಿಯೇ ನಿದರ್ಶನವುಂಟು. ದಾವಣಗೆರೆಯ ಪಿ.ಜೆ. ಬಡಾವಣೆಯ ನಿವಾಸಿಗಳಿಗೆ ತುಂಗಭದ್ರೆಯ ದಡದ ಹರಿಹರವು ದೂರವಲ್ಲ. ಅಲ್ಲಿಯ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ಹರಿಯಲ್ಲದೆ ದೈವವಿಲ್ಲವೆಂದು ಕೆಲವರು, ಹರನಲ್ಲದೆ ಇಲ್ಲವೆಂದು ಕೆಲವರು ವಾದಿಸುತ್ತಿರಲಾಗಿ, ಜನರ ಸಂದೇಹವನ್ನು ಕಳೆಯಲು ಇಬ್ಬರೂ ಏಕಮೂರ್ತಿಯಾದರೆಂಬುದು ಆ ಕಾಲದ ಶಾಸನದ ತಾತ್ಪರ್ಯ.

ಈ ಮಾತಿನ ಯುಕ್ತಿಯನ್ನು ಗಮನಿಸಿರಿ. ಮೊದಲು ಉಭಯ ಪಕ್ಷಗಳ ಮತವನ್ನೂ ಸಮನಾಗಿ ಹೇಳಿದೆ. ಯಾರನ್ನೂ ಮೂಢರೆಂದು ಹಳಿದಿಲ್ಲ. ತೀರ್ಪನ್ನು ಕೊಟ್ಟವನು ದಂಡನಾಥನಲ್ಲ, ದೇವರೇ. ಆದಕಾರಣ ಒಪ್ಪಿದವನು ಎದುರಾಳಿಗೆ ಸೋತಂತಾಗುವುದಿಲ್ಲ. ಬಲಭಾಗದಲ್ಲಿ ಹರ, ಎಡಭಾಗದಲ್ಲಿ ಹರಿ ಇರುವ ವಿಗ್ರಹವು ಅದೇ ವಾದವನ್ನು ಕಣ್ಣಿಗೆ ಕಾಣಿಸುತ್ತದೆ. ಒಬ್ಬನಿಗೆ ಕೈಮುಗಿದವನು ಇಬ್ಬರಿಗೂ ಮುಗಿದಂತಾಯಿತು.

ಫಲವೇನಾಯಿತು? 1268ರಲ್ಲಿ ಸೋಮ ದಂಡನಾಯಕನು ಈ ದೇವಾಲಯವನ್ನು ಇನ್ನಷ್ಟು ಬೆಳೆಯಿಸಿದನು. ಇದರಿಂದ ಅಧಿಕಾರಿಗಳ ಆದರವು ಮುಂದುವರಿಯಿತೆಂದು ತಿಳಿಯಬಹುದೇ ಹೊರತು, ಜನರ ಮತಕಲಹವು ಅಡಗಿತೆಂದು ಸಾಧಿಸಲಾಗದು. ಬಯಸಿದ ಫಲ ಬೇರೆ, ದೊರೆತ ಫಲ ಬೇರೆ. ಇವೆರಡನ್ನೂ ಬೆರೆಸದಿರುವುದೇ ವಿಮರ್ಶಕನ ಪ್ರಾಮಾಣಿಕತೆ.

ಜಗಳವನ್ನು ಆರಿಸುವ ಸಾಧನಗಳೇ ಜಗಳವನ್ನು ಹೊತ್ತಿಸಲೂ ಬಲ್ಲವು. ಶೀಲದ ಸೋಗು ಹಾಕಬಹುದು, ಭಾವವನ್ನು ಕೆರಳಿಸಬಹುದು, ಯುಕ್ತಿಯನ್ನು ತಿರುಚಬಹುದು. ಹೀಗಿರುವಲ್ಲಿ ವಾಗ್ಮಿತೆಯ ವಿಮರ್ಶೆಯು ಕೇವಲ ಪಂಡಿತರ ವಿನೋದವಲ್ಲ. ಮತ ನೀಡುವ, ಸಭೆಯಲ್ಲಿ ಕುಳಿತು ಕೇಳುವ ಪ್ರತಿಯೊಬ್ಬ ಪ್ರಜೆಗೂ ಅವಶ್ಯವಾದ ವಿವೇಕ. ಎದುರು ಪಕ್ಷದವನಿಗೆ ಮಾನವುಳಿಸಿ ಆಡಿದ ಮಾತಾವುದು, ಅವನನ್ನು ಅಳಿಸಲೆಂದು ಆಡಿದ ಮಾತಾವುದು ಎಂಬುದನ್ನು ಚಪ್ಪಾಳೆ ತಟ್ಟುವ ಮೊದಲೇ ತಿಳಿಯುವುದು ಲೇಸು.