ರೀಇಂಜಿನಿಯರಿಂಗ್: ಒಂದು ಪರಿಭಾಷೆ ಸಾಗಿದ ದಾರಿ

ಆಡಳಿತ ನಿರ್ವಹಣೆಯ ಪರಿಭಾಷೆಯಾಗಿ ‘ರೀಇಂಜಿನಿಯರಿಂಗ್’ ನೆಲೆಯೂರಿದ್ದು 1990ರಲ್ಲಿ. ಎಂಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಮೈಕೆಲ್ ಹ್ಯಾಮರ್ ಆ ವರ್ಷ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಬರೆದ ಲೇಖನ ಅದಕ್ಕೆ ಕಾರಣ. ಹಳೆಯ ಕಾರ್ಯವಿಧಾನವನ್ನು ಹಾಗೇ ಇಟ್ಟುಕೊಂಡು ಕಂಪ್ಯೂಟರ್ ತಂದರೆ ಫಲವಿಲ್ಲ, ವಿಧಾನವನ್ನೇ ಅಳಿಸಿ ಹೊಸದಾಗಿ ರೂಪಿಸಬೇಕು ಎಂಬುದು ಅವರ ವಾದ. 1993ರಲ್ಲಿ ಜೇಮ್ಸ್ ಚಾಂಪಿ ಜೊತೆಗೂಡಿ ಬರೆದ ಪುಸ್ತಕದಲ್ಲಿ ಈ ವಾದ ಇನ್ನೂ ವಿಸ್ತಾರಗೊಂಡಿತು. ಆಡಮ್ ಸ್ಮಿತ್ 1776ರಲ್ಲಿ ವಿವರಿಸಿದ ಶ್ರಮವಿಭಜನೆಯ ಕಾಲ ಮುಗಿಯಿತು, ತುಂಡು ತುಂಡಾದ ಕೆಲಸವನ್ನು ಮತ್ತೆ ಒಂದುಗೂಡಿಸಬೇಕು ಎಂದು ಅವರು ಸಾರಿದರು.

ಹ್ಯಾಮರ್ ಮುಂದಿಟ್ಟ ಮುಖ್ಯ ನಿದರ್ಶನವನ್ನು ಬಿಡಿಸಿ ನೋಡಬೇಕು. 1980ರ ದಶಕದ ಆರಂಭದಲ್ಲಿ ಫೋರ್ಡ್ ಕಂಪನಿಯ ಉತ್ತರ ಅಮೆರಿಕದ ಬಿಲ್ ಪಾವತಿ ವಿಭಾಗದಲ್ಲಿ 500ಕ್ಕೂ ಹೆಚ್ಚು ನೌಕರರಿದ್ದರು. ಕಂಪ್ಯೂಟರ್ ಬಳಸಿ ಅದನ್ನು 400ಕ್ಕೆ ಇಳಿಸುವುದು ಕಂಪನಿಯ ಲೆಕ್ಕಾಚಾರ. ಆದರೆ ಜಪಾನಿನ ಮಾಜ್ದಾದಲ್ಲಿ ಇದೇ ಕೆಲಸಕ್ಕಿದ್ದವರು ಕೇವಲ ಐದು ಮಂದಿ. ಮಾಜ್ದಾ ಚಿಕ್ಕ ಕಂಪನಿ ಎಂಬ ಸಮಾಧಾನ ಈ ಅಂತರಕ್ಕೆ ಸಾಲುತ್ತಿರಲಿಲ್ಲ. ಫೋರ್ಡ್‌ನಲ್ಲಿ ಖರೀದಿ ಆದೇಶ, ಸರಕು ಸ್ವೀಕೃತಿ ಪತ್ರ, ಪೂರೈಕೆದಾರರ ಬಿಲ್ಲು ಈ ಮೂರನ್ನೂ ಎದುರುಬದುರು ಇಟ್ಟು 14 ಅಂಶಗಳನ್ನು ತಾಳೆ ನೋಡಬೇಕಿತ್ತು. ತಾಳೆಯಾಗದ ಕಾಗದಗಳ ಬೆನ್ನು ಹತ್ತುವುದರಲ್ಲೇ ದಿನ ಕಳೆಯುತ್ತಿತ್ತು. ಹೊಸ ವ್ಯವಸ್ಥೆಯಲ್ಲಿ ಬಿಲ್ಲೇ ಇಲ್ಲವಾಯಿತು. ಸರಕು ಬಂದ ಕೂಡಲೇ ಗೋದಾಮಿನ ಗುಮಾಸ್ತ ಕಂಪ್ಯೂಟರಿನಲ್ಲಿ ಆದೇಶವನ್ನು ಪರಿಶೀಲಿಸುತ್ತಾನೆ, ಹೊಂದಿದರೆ ಸ್ವೀಕರಿಸುತ್ತಾನೆ, ಇಲ್ಲವಾದರೆ ವಾಪಸು ಕಳಿಸುತ್ತಾನೆ. ತಾಳೆ ನೋಡಬೇಕಾದ ಅಂಶಗಳು ಮೂರಕ್ಕೆ ಇಳಿದವು, ನೌಕರರ ಸಂಖ್ಯೆ ಶೇ. 75ರಷ್ಟು ಕುಗ್ಗಿತು.

ಈ ಕೊನೆಯ ಅಂಕಿಯೇ ಪರಿಭಾಷೆಯ ಮುಂದಿನ ಹಣೆಬರಹವನ್ನು ಬರೆಯಿತು ಎಂಬುದು ನನ್ನ ನಿಲುವು. ಮರುವಿನ್ಯಾಸದ ಜಾಣ್ಮೆ ಇದ್ದದ್ದು ಬಿಲ್ಲನ್ನು ಕೈಬಿಟ್ಟಿದ್ದರಲ್ಲಿ. ಯಶಸ್ಸನ್ನು ಅಳೆದದ್ದು ಮಾತ್ರ ತಲೆ ಎಣಿಕೆಯಲ್ಲಿ. 1990ರ ದಶಕದ ಮಧ್ಯದ ಹೊತ್ತಿಗೆ ಅಮೆರಿಕದ ನೌಕರರ ಬಾಯಲ್ಲಿ ರೀಇಂಜಿನಿಯರಿಂಗ್ ಎಂದರೆ ಕೆಲಸ ಕಳೆದುಕೊಳ್ಳುವುದು ಎಂದೇ ಆಗಿತ್ತು. ಇದೇ ಚಿಂತನೆಯ ಆದ್ಯರಲ್ಲೊಬ್ಬರಾದ ಥಾಮಸ್ ಡೇವನ್‌ಪೋರ್ಟ್, ಇದು ಮನುಷ್ಯರನ್ನು ಮರೆತ ಗೀಳು ಎಂದು 1995ರಲ್ಲಿ ಬರೆದರು. ಮರುವರ್ಷ ಹ್ಯಾಮರ್ ಕೂಡ, ಇಂಜಿನಿಯರ್ ದೃಷ್ಟಿಯಲ್ಲಿ ಮಾನವ ಮುಖಕ್ಕೆ ತಕ್ಕ ಬೆಲೆ ಕೊಡಲಿಲ್ಲವೆಂದು ಒಪ್ಪಿಕೊಂಡರು. ಇಂಥ ಒಪ್ಪಿಗೆ ಆಡಳಿತ ಚಿಂತಕರಲ್ಲಿ ಅಪರೂಪ, ಗೌರವಕ್ಕೆ ಅರ್ಹ.

ಖಾಸಗಿ ವಲಯದಲ್ಲಿ ಹೀಗೆ ಕಳಂಕ ಹೊತ್ತ ಪದ ಸರ್ಕಾರಿ ಆಡಳಿತದಲ್ಲಿ ಮೂಲಾರ್ಥಕ್ಕೆ ಹತ್ತಿರವಾಗಿಯೇ ಉಳಿಯಿತು. ಕರ್ನಾಟಕದ ‘ಭೂಮಿ’ ಯೋಜನೆ ಇದಕ್ಕೆ ಒಳ್ಳೆಯ ಸಾಕ್ಷಿ. ಸುಮಾರು 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ರೈತನಿಗೆ ಅಲ್ಲೇ ಪ್ರತಿ ಸಿಗತೊಡಗಿತು. ಇಷ್ಟು ಕೇವಲ ಗಣಕೀಕರಣ. ಹ್ಯಾಮರ್ ಹೇಳಿದ ಬಗೆಯ ಬದಲಾವಣೆ ಬೇರೆಡೆ ಇತ್ತು. ಕೈಬರಹದ ಪಹಣಿಗೆ ಕಾನೂನು ಮಾನ್ಯತೆಯನ್ನೇ ತೆಗೆದುಹಾಕಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಹಾಕಿತು. ಗ್ರಾಮ ಲೆಕ್ಕಿಗರ ಹುದ್ದೆಗಳು ಉಳಿದವು; ದಾಖಲೆಯ ಮೇಲೆ ಅವರಿಗಿದ್ದ ಏಕಸ್ವಾಮ್ಯ ಹೋಯಿತು.