ವಿಷವೋ, ಆಹಾರವೋ?

ರಕ್ತಕ್ಕೆ ಕಬ್ಬಿಣ ಬೇಕು, ಎಲುಬಿಗೆ ಸುಣ್ಣದ ಅಂಶ ಬೇಕು ಎಂಬುದನ್ನು ತಾವೆಲ್ಲ ಬಲ್ಲಿರಿ. ಆದರೆ ದಿನಕ್ಕೆ ಒಂದು ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲೂ ಬೇಡದ, ಹಾಗೆಂದು ತೀರ ಇಲ್ಲವಾದರೆ ಹೃದಯವನ್ನೇ ಕುಂದಿಸಬಲ್ಲ ಧಾತುವೊಂದುಂಟೆಂದರೆ ನಂಬುವಿರಾ?

ಅದೇ ಸೆಲೆನಿಯಮ್. 1817ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸನು ಗಂಧಕಾಮ್ಲದ ಕಾರ್ಖಾನೆಯ ಗಸಿಯಲ್ಲಿ ಇದನ್ನು ಕಂಡುಹಿಡಿದು, ಗ್ರೀಕರ ಚಂದ್ರದೇವತೆಯ ಹೆಸರಿಟ್ಟನು. ಹೆಸರು ತಂಪಾದುದು, ಕೀರ್ತಿ ಮಾತ್ರ ಹಾಗಿರಲಿಲ್ಲ. ಅಮೆರಿಕದ ದಕ್ಷಿಣ ಡಕೋಟಾ ಸೀಮೆಯಲ್ಲಿ ಕುದುರೆಗಳ ಕೂದಲುದುರಿ ಗೊರಸು ಕಳಚುತ್ತಿದ್ದುದಕ್ಕೆ, ಮಣ್ಣಿನಿಂದ ಮೇವಿಗೇರಿದ ಈ ಧಾತುವೇ ಕಾರಣವೆಂದು 1930ರ ದಶಕದಲ್ಲಿ ಗೊತ್ತಾಯಿತು. ವಿಷವೆಂಬ ಅಪವಾದ ಅದಕ್ಕೆ ಅಂಟಿಕೊಂಡಿತು.

1957ರಲ್ಲಿ ಕಥೆ ತಿರುಗಿತು. ಅಮೆರಿಕದಲ್ಲಿ ಕ್ಲಾಸ್ ಶ್ವಾರ್ಟ್ಸ್ ಎಂಬ ವಿಜ್ಞಾನಿ ಒಂದು ಬಗೆಯ ಯೀಸ್ಟನ್ನು ಉಣಿಸಿ ಸಾಕಿದ ಇಲಿಗಳು ಪಿತ್ತಜನಕಾಂಗ ಕೆಟ್ಟು ಸಾಯುತ್ತಿದ್ದವು. ಅವುಗಳನ್ನು ಉಳಿಸಿದ್ದು ಲೇಶಮಾತ್ರ ಸೆಲೆನಿಯಮ್! 1959ರಲ್ಲಿ ಶ್ವಾರ್ಟ್ಸ್ ಮತ್ತು ವಾಲ್ಟರ್ ಮೆರ್ಟ್ಸ್, ಇಲಿಗಳ ರಕ್ತದ ಸಕ್ಕರೆ ಹತೋಟಿಗೆ ಬರಲು ಕ್ರೋಮಿಯಮ್ ನೆರವಾಗುವುದೆಂದು ಸಾರಿದರು.

ಇಲಿಗೆ ಸಂದದ್ದು ಮನುಷ್ಯನಿಗೂ ಸಲ್ಲುವುದೆ? ಉತ್ತರ ಚೀನದಿಂದ ಬಂದಿತು. ಅಲ್ಲಿನ ಕೇಶಾನ್ ಪ್ರಾಂತದಲ್ಲಿ 1935ರಲ್ಲಿ ಗುರುತಿಸಲಾದ ಹೃದ್ರೋಗವೊಂದು ಮಕ್ಕಳನ್ನೂ ತಾಯಂದಿರನ್ನೂ ಬಲಿತೆಗೆದುಕೊಳ್ಳುತ್ತಿತ್ತು. ರೋಗವಿದ್ದ ನಾಡುಗಳ ಮಣ್ಣಿನಲ್ಲಿ ಸೆಲೆನಿಯಮ್ ತೀರ ಕಡಿಮೆ. 1974ರಲ್ಲಿ ಸಿಚುವಾನ್ ಪ್ರಾಂತದ ಮಕ್ಕಳಿಗೆ ವಾರಕ್ಕೊಮ್ಮೆ ಅದರ ಗುಳಿಗೆ ಕೊಟ್ಟು ನೋಡಿದರು. ಗುಳಿಗೆ ಪಡೆದ 4510 ಮಕ್ಕಳಲ್ಲಿ ಹತ್ತು ಮಂದಿಗೆ ರೋಗ ಬಂತು. ಪಡೆಯದ 3985 ಮಕ್ಕಳಲ್ಲಿ 54 ಮಂದಿಗೆ. ಒಂದು ವೈರಸ್ಸೂ ಈ ರೋಗಕ್ಕೆ ಕೈಜೋಡಿಸುತ್ತದೆಂದು ಮುಂದೆ ಕಂಡುಬಂದರೂ, ಧಾತುವಿನ ಕೊರತೆಯೇ ಅದಕ್ಕೆ ಬಾಗಿಲು ತೆರೆಯುವುದೆಂಬುದು ಖಚಿತವಾಯಿತು. ಮಣ್ಣು ಬಡವಾಗಿದ್ದ ಫಿನ್ಲೆಂಡ್ 1984ರಲ್ಲಿ, ಹೊಲಕ್ಕೆ ಹಾಕುವ ಗೊಬ್ಬರದಲ್ಲೇ ಸೆಲೆನಿಯಮ್ ಬೆರೆಸಲು ತೀರ್ಮಾನಿಸಿತು.

ಕ್ರೋಮಿಯಮ್ಮಿನ ಭಾಗ್ಯ ಬೇರೆ. ನರದ ಮೂಲಕವೇ ಆಹಾರ ಪಡೆಯುತ್ತಿದ್ದ ರೋಗಿಯೊಬ್ಬರ ಸಕ್ಕರೆಯ ತೊಂದರೆ ಕ್ರೋಮಿಯಮ್ ಕೊಟ್ಟ ಮೇಲೆ ಹಿಡಿತಕ್ಕೆ ಬಂದಿತೆಂದು 1977ರಲ್ಲಿ ಕೆನಡಾದಿಂದ ವರದಿಯಾದಾಗ ಆಸೆ ಚಿಗುರಿತು. ಆದರೆ ಅದು ಅತ್ಯವಶ್ಯಕವೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು 2014ರಲ್ಲಿ ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ ಹೇಳಿತು.

ಹಾಗಾದರೆ ನಾವು ಮಾಡಬೇಕಾದ್ದೇನು? ವಯಸ್ಕರಿಗೆ ದಿನಕ್ಕೆ ಸುಮಾರು 55 ಮೈಕ್ರೋಗ್ರಾಮ್ ಸೆಲೆನಿಯಮ್ ಸಾಕೆಂದೂ, 400 ಮೀರಬಾರದೆಂದೂ ಅಮೆರಿಕದ ತಜ್ಞರು 2000ದಲ್ಲಿ ಗೊತ್ತುಪಡಿಸಿದರು. ಧಾನ್ಯ, ಬೇಳೆ, ಮೊಟ್ಟೆ, ಮೀನುಗಳಲ್ಲಿ ಅದು ದೊರೆಯುತ್ತದೆ. ಎಷ್ಟೆಂಬುದನ್ನು ಬಹುಮಟ್ಟಿಗೆ ಮಣ್ಣು ನಿರ್ಧರಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಗುಳಿಗೆಯ ಸೀಸೆಗೆ ಕೈಚಾಚುವ ಮುನ್ನ ವೈದ್ಯರನ್ನು ಕೇಳಿರಿ. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳಿದ್ದು ಈ ಧಾತುವಿಗೆ ಅಕ್ಷರಶಃ ಒಪ್ಪುತ್ತದೆ.