‘ಕಮ್ಯುನಲ್’ ಪದದ ಎರಡು ಮುಖಗಳು

ಬ್ರಿಟನ್ನಿಗೆ ಓದಲು ಹೋಗುವ ನಮ್ಮ ಮಕ್ಕಳು ಹಾಸ್ಟೆಲಿನಲ್ಲಿ ‘ಕಮ್ಯುನಲ್ ಕಿಚನ್’ ಇದೆಯೆಂದು ಕೇಳಿದರೆ ಒಮ್ಮೆ ಗಾಬರಿಯಾದಾರು. ಅಡುಗೆಮನೆಗೂ ಕೋಮುಗಲಭೆಗೂ ಏನು ಸಂಬಂಧ? ಏನೂ ಇಲ್ಲ. ಎಲ್ಲರೂ ಹಂಚಿಕೊಂಡು ಬಳಸುವ ಅಡುಗೆಮನೆ ಎಂದಷ್ಟೇ ಅದರ ಅರ್ಥ. ಎಲ್ಲರಿಗೂ ಸೇರಿದ್ದು ಎಂಬರ್ಥದ ಲ್ಯಾಟಿನ್ ಪದವೇ ಇದರ ಮೂಲ. ‘ಕಾಮನ್’, ‘ಕಮ್ಯುನಿಟಿ’ ಇದರ ಒಡಹುಟ್ಟುಗಳು.

ಹಾಗಾದರೆ ಈ ಪದ ನಮ್ಮಲ್ಲಿ ಬೈಗುಳವಾದದ್ದು ಹೇಗೆ? ಬ್ರಿಟಿಷ್ ಆಡಳಿತ ಜನರನ್ನು ಧರ್ಮ, ಜಾತಿಗಳ ಲೆಕ್ಕದಲ್ಲಿ ಎಣಿಸಿ ಕಡತಕ್ಕೆ ಸೇರಿಸಿತು. 1909ರಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತದಾರ ಕ್ಷೇತ್ರಗಳು ಬಂದವು. 1932ರ ಆಗಸ್ಟ್ 16ರಂದು ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಕಟಿಸಿದ ತೀರ್ಮಾನಕ್ಕೆ ‘ಕಮ್ಯುನಲ್ ಅವಾರ್ಡ್’ ಎಂದೇ ಹೆಸರು. ಸಮುದಾಯವಾರು ಎಂಬುದು ಅಲ್ಲಿನ ಅರ್ಥ. ಹೀಗೆ ಎಲ್ಲರದ್ದು ಎಂಬ ಪದ ಅವರವರದ್ದು ಎಂದಾಯಿತು. ಬರಬರುತ್ತಾ ಒಬ್ಬರ ಮೇಲೊಬ್ಬರ ಹಗೆಗೂ ಅದೇ ಹೆಸರು ಬಿತ್ತು.

ಆದರೆ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿಗೆ ಸೇರಿದ್ದ ಕಾಲದಲ್ಲಿ ಈ ಪದಕ್ಕೆ ಇನ್ನೊಂದು ಮುಖವಿತ್ತು. ಅಲ್ಲಿನ ‘ಕಮ್ಯುನಲ್ ಜಿ.ಒ.’ ಸರಕಾರಿ ನೌಕರಿ, ಕಾಲೇಜು ಸೀಟುಗಳನ್ನು ಸಮುದಾಯಗಳಿಗೆ ಹಂಚುತ್ತಿತ್ತು. 1950ರ ಸುಮಾರಿಗೆ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ-ಇಂಡಿಯನ್ನರು ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಈ ಆದೇಶದಲ್ಲಿ ದ್ವೇಷವಿರಲಿಲ್ಲ, ಪಾಲಿತ್ತು. ನಮಗನಿಸುವಂತೆ ಆ ಅಡುಗೆಮನೆಯ ಅರ್ಥಕ್ಕೆ ಇದೇ ಹತ್ತಿರ. 1951ರಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದು ಸಂವಿಧಾನಬಾಹಿರವೆಂದಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ನೀಡುವ 15(4)ನೇ ವಿಧಿ ಸೇರಿಸಲಾಯಿತು. ಪಾಲು ಉಳಿಯಿತು, ‘ಕಮ್ಯುನಲ್’ ಹೋಗಿ ‘ಹಿಂದುಳಿದ’ ಬಂತು.

ಇಂಗ್ಲಿಷಿನ ಈ ಪದಕ್ಕೆ ಕನ್ನಡ ಹುಡುಕಿಕೊಂಡ ಜೋಡಿಯ ಕತೆಯೂ ಸ್ವಾರಸ್ಯಕರ. ‘ಕೋಮು’ ಅರಬಿಯ ‘ಕೌಮ್’. ಜನ, ಜನಾಂಗ ಎಂದರ್ಥ. ಕುರ್‌ಆನಿನಲ್ಲಿ ಪ್ರವಾದಿಗಳು ತಮ್ಮನ್ನು ತಿರಸ್ಕರಿಸಿದ ಜನರನ್ನೂ ಇದೇ ಪದದಿಂದ ತಮ್ಮವರೆಂದು ಕರೆಯುತ್ತಾರೆ. ಉರ್ದುವಿನಲ್ಲಿ ‘ಕೌಮಿ’ ಎಂದರೆ ರಾಷ್ಟ್ರೀಯ. ಕೇಂದ್ರ ಸರಕಾರ ನವೆಂಬರ್ 19ರಿಂದ 25ರವರೆಗೆ ಆಚರಿಸುವ ರಾಷ್ಟ್ರೀಯ ಐಕ್ಯತಾ ಸಪ್ತಾಹದ ಹೆಸರು ‘ಕೌಮಿ ಏಕತಾ’. ಕನ್ನಡಕ್ಕೆ ಬಂದ ಅದೇ ಪದಕ್ಕೆ ‘ವಾದ’ ಅಂಟಿತು, ‘ಗಲಭೆ’ ಅಂಟಿತು. ‘ಸೌಹಾರ್ದ’ ಅಂಟಿದ್ದೂ ಉಂಟೆನ್ನಿ.

ಪತ್ರಿಕೆಗಳ ‘ಕೋಮುಗಲಭೆ’ಯಲ್ಲಿ ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಪದ. 1984ರ ದೆಹಲಿಯಲ್ಲಿ ಸಿಖ್ಖರನ್ನು ಮನೆಗಳಿಂದ ಎಳೆದು ಕೊಂದದ್ದಕ್ಕೂ ನಾವು ‘ಗಲಭೆ’ ಎಂದೇ ಬರೆಯುತ್ತ ಬಂದೆವು.